ಕಾಫಿ ರೆಕ್ಕೆ ಬಡಿದ ಅಪ್ಪನ ಕಣ್ಣು: ಫಂಗಸ್ ಹುಣ್ಣಿಗೆ ನ್ಯಾನೋ ಔಷಧ ಸಿಗುತ್ತಾ?

ಮೂಡಿಗೆರೆ ತೋಟದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ನಾಲ್ಕೆಕರೆ ರೋಬಸ್ಟಾ ಕಾಫಿ. ಮೂರು ವಾರದ ಹಿಂದೆ ಹಣ್ಣು ಕುಯ್ಯುವಾಗ ಅಪ್ಪ ಬಗ್ಗಿಸಿ ಹಿಡಿದಿದ್ದ ರೆಕ್ಕೆ, ಅಂದರೆ ಗಿಡದ ಕೊಂಬೆ, ಕೈಜಾರಿ ಎಡಗಣ್ಣಿಗೆ ಬಡಿಯಿತು. ಅವತ್ತು ತಣ್ಣೀರಲ್ಲಿ ತೊಳೆದುಕೊಂಡು ಸಂಜೆವರೆಗೂ ಕುಯ್ದರು. ಮಾರನೇ ದಿನ ಕಣ್ಣು ಕೆಂಪು. ಅಜ್ಜಿ ನಂದಿಬಟ್ಟಲು ಹೂವಿನ ರಸ ಬಿಟ್ಟರು. ನಾಲ್ಕನೇ ದಿನ ನಾನೇ ಪೇಟೆಗೆ ಹೋಗಿ ಒಂದು ಮೆಡಿಕಲ್‌ನಲ್ಲಿ "ಕಣ್ಣು ಕೆಂಪಾಗಿದೆ" ಅಂತ ಹೇಳಿ ಡ್ರಾಪ್ಸ್ ತಂದೆ. ಎರಡು ದಿನ ಕೆಂಪು ಇಳಿದ ಹಾಗೆ ಕಂಡಿತು. ಆಮೇಲೆ ಕಪ್ಪುಗುಡ್ಡೆ ಮೇಲೆ ಅಕ್ಕಿಕಾಳಿನಷ್ಟು ಬಿಳಿ.

ಹನ್ನೊಂದನೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಹುಣ್ಣನ್ನು ಮೆಲ್ಲಗೆ ಕೆರೆದು ಸ್ಲೈಡ್ ಮೇಲೆ ನೋಡಿ ಫಂಗಸ್ ಅಂದರು. ನಾಟಮೈಸಿನ್ ಹನಿ, ಗಂಟೆಗೊಂದು ಸಲ. ಇವತ್ತಿಗೆ ಹತ್ತು ದಿನ. ಅಂಚು ಸ್ವಲ್ಪ ಮೊಂಡಾಗಿದೆಯಂತೆ, ನಡುವೆ ಮಾತ್ರ ಹಾಗೇ ಇದೆ. "ಔಷಧ ಆಳಕ್ಕೆ ಇಳಿಯೋದು ನಿಧಾನ" ಅಂದರು.

ರಾತ್ರಿ ನಿದ್ದೆ ಬರದೆ ಮೊಬೈಲಲ್ಲಿ ಹುಡುಕಿದರೆ, ನ್ಯಾನೋ ಕಣದಲ್ಲಿ ಕೂರಿಸಿದ ಔಷಧ ಕಣ್ಣಿನೊಳಕ್ಕೆ ಹೆಚ್ಚು ಹೋಗುತ್ತದೆ ಅಂತ ಎಷ್ಟೊಂದು ಲೇಖನ. ಹಾಗಾದರೆ ಅದನ್ನು ಯಾಕೆ ಕೊಡುತ್ತಿಲ್ಲ? ಬೆಂಗಳೂರಿಗೆ ಹೋದರೆ ಸಿಗುತ್ತಾ? ದುಡ್ಡು ಹೇಗೋ ಹೊಂದಿಸುತ್ತೇನೆ.

ಫಾರ್ಮಸಿ ಮೇಷ್ಟ್ರು, ಹಾಸನ:

ತಮ್ಮಾ, ಮೊದಲು ನೇರ ಉತ್ತರ. ಫಂಗಸ್ ಹುಣ್ಣಿಗೆ ಹಾಕುವ ನಾಟಮೈಸಿನ್ ನ್ಯಾನೋ ರೂಪದಲ್ಲಿ ಅಂಗಡಿಗೆ ಬಂದಿಲ್ಲ. ಕೊಬ್ಬಿನ ಕಣದಲ್ಲಿ ಕೂರಿಸಿದ್ದು, ಕೈಟೋಸಾನ್ ಹೊದಿಸಿದ್ದು ಅಂತ ಕೆಲಸ ಬೇಕಾದಷ್ಟು ಆಗಿದೆ, ಆದರೆ ಬಹುಪಾಲು ಮೊಲದ ಕಣ್ಣಿನವರೆಗೆ ಬಂದು ನಿಂತಿದೆ. ಕೈಯಲ್ಲಿರುವ ಬಾಟಲಿ ಬಿಟ್ಟು ಅದನ್ನು ಹುಡುಕಿಕೊಂಡು ಹೊರಡಬೇಡಿ.

ಔಷಧ ಯಾಕೆ ಇಳಿಯುವುದಿಲ್ಲ ಅನ್ನುವುದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ, ನಿಮಗೂ ಹೇಳುತ್ತೇನೆ. ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 40ರಿಂದ 50 ಮೈಕ್ರೋಲೀಟರ್. ಕೆಳರೆಪ್ಪೆಯ ಮಡಿಲಿಗೆ ಹಿಡಿಸುವುದು 30ರ ಆಸುಪಾಸು, ಅದರಲ್ಲಿ 7ರಷ್ಟು ಮೊದಲೇ ಕಣ್ಣೀರು. ಮಿಕ್ಕಿದ್ದು ಕೆನ್ನೆಗೆ, ಇಲ್ಲವೇ ಮೂಗಿಗೆ. ಕಣ್ಣಿಗೆ ಹನಿ ಬಿಟ್ಟರೆ ಗಂಟಲು ಕಹಿಯಾಗುತ್ತದಲ್ಲ, ಅದು ಈ ದಾರಿಯಲ್ಲೇ. ಉಳಿದಿದ್ದನ್ನೂ ಕಣ್ಣೀರು ನಾಲ್ಕಾರು ನಿಮಿಷದಲ್ಲಿ ತೊಳೆದುಬಿಡುತ್ತದೆ.

ಆಮೇಲೆ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆ ಮೇಲಿನ ಗಾಜಿನಂಥ ಪದರ. ಅದರ ಮೇಲ್ಮೈ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ, ಎಣ್ಣೆಗೆ ಒಗ್ಗುವ ವಸ್ತುವನ್ನು ಮಾತ್ರ ಸಲೀಸಾಗಿ ಬಿಡುತ್ತವೆ. ಅದರ ಕೆಳಗಿನ ದಪ್ಪ ಪದರ ನೀರಿಗೆ ಒಗ್ಗುವಂಥದ್ದು. ಎರಡನ್ನೂ ದಾಟಬೇಕಾದರೆ ಔಷಧಕ್ಕೆ ಎರಡೂ ಗುಣ ಬೇಕು. ಕೊನೆಗೆ ಒಂದು ಹನಿಯಲ್ಲಿರುವ ಔಷಧದ ನೂರರಲ್ಲಿ 5 ಪಾಲು ಕೂಡ ಕಣ್ಣಿನ ಒಳಗೆ ಸೇರುವುದಿಲ್ಲ. ನಾಟಮೈಸಿನ್ ಇನ್ನೂ ಕಷ್ಟದ ಆಸಾಮಿ: ಅಣು ದೊಡ್ಡದು, ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದಕ್ಕೇ ಆ ಬಾಟಲಿಯಲ್ಲಿರುವುದು ತಿಳಿ ದ್ರವವಲ್ಲ, ಸುಣ್ಣದ ತಿಳಿ ಕದಡಿದ ಹಾಗಿರುವ ಬಿಳಿ ನೀರು. ನಿಂತರೆ ತಳ ಸೇರುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕುತ್ತಿದ್ದೀರಾ?

ನ್ಯಾನೋ ಅಂದರೆ ಹೊಸ ಔಷಧವಲ್ಲ, ಔಷಧ ಹೊರುವ ಗಾಡಿ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲೇ ಸುಮಾರು 80 ಸಾವಿರ ನ್ಯಾನೋಮೀಟರ್ ದಪ್ಪ. ಈ ಗಾಡಿಗಳು ಸಾಮಾನ್ಯವಾಗಿ ಹತ್ತಿಪ್ಪತ್ತರಿಂದ ಕೆಲವು ನೂರು ನ್ಯಾನೋಮೀಟರ್. ಗಾಡಿ ಕಟ್ಟುವವರಲ್ಲೂ ಒಂದಕ್ಕೊಂದು ವಿರುದ್ಧವಾದ ಎರಡು ದಾರಿ ಇದೆ, ನನಗೆ ಬಹಳ ಇಷ್ಟವಾದ ವಿಷಯ ಇದು. ಕಣ್ಣಿನ ಮೇಲಿನ ಲೋಳೆ ಋಣ ವಿದ್ಯುತ್ತಿನದು. ಸಿಗಡಿ, ಏಡಿ ಚಿಪ್ಪಿನಿಂದ ಮಾಡುವ ಕೈಟೋಸಾನ್ ಧನ ವಿದ್ಯುತ್ತಿನದು, ಹಾಗಾಗಿ ಅದನ್ನು ಹೊದಿಸಿದ ಕಣ ಲೋಳೆಗೆ ಅಂಟಿಕೊಂಡು ಹೆಚ್ಚು ಹೊತ್ತು ನಿಲ್ಲುತ್ತದೆ. ಇನ್ನು ಕೆಲವರು ಅಂಟಲೇಬಾರದು, ಲೋಳೆಯ ಸಂದಿಯಲ್ಲಿ ನುಸುಳಿ ಕೆಳಗಿಳಿಯಬೇಕು ಅಂತ ಕಣದ ಮೈಯನ್ನು ನುಣುಪು ಮಾಡುತ್ತಾರೆ. ಎರಡನೇ ದಾರಿಯ ಒಂದು ಹನಿ, ಲೋಟೆಪ್ರೆಡ್ನಾಲ್ ಅನ್ನುವ ಸ್ಟೆರಾಯ್ಡ್, ಆಪರೇಷನ್ ನಂತರದ ಊತಕ್ಕೆ ಅಂತ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ನಿಮ್ಮ ತಂದೆಯವರ ಕಣ್ಣಿಗೆ ಅದು ಬೇಡವೇ ಬೇಡ, ಗಾಡಿಯ ಉದಾಹರಣೆಗೆ ಹೇಳಿದೆ ಅಷ್ಟೇ.

ಕಣ್ಣಿನ ವಿಭಾಗದ ಪಿಜಿ:

ಮೇಷ್ಟ್ರು ಹೇಳಿದ್ದು ಸರಿ. ನಾನು ವಾರ್ಡಿನ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮೆಡಿಕಲ್‌ನಿಂದ ತಂದ ಹನಿಯ ಡಬ್ಬಿ ಇನ್ನೂ ಇದೆಯಾ? ಅದರ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಇಂಥ ಹೆಸರು ಇದೆಯಾ ನೋಡಿ. ಇದ್ದರೆ ಅದು ಸ್ಟೆರಾಯ್ಡ್. ಕೆಂಪು, ನೋವು ಬೇಗ ಇಳಿಸುತ್ತದೆ. ಆದರೆ ಗಿಡ ಬಡಿದ ಕಣ್ಣಿನಲ್ಲಿ ಫಂಗಸ್ ಕೂತಿದ್ದರೆ ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ, ದೇಹ ಹೋರಾಡುವುದನ್ನೇ ಅದು ಅಡಗಿಸಿಬಿಡುತ್ತದೆ. ಈಗ ನೋಡುತ್ತಿರುವ ಡಾಕ್ಟರಿಗೆ ಆ ಹನಿಯ ಹೆಸರು ಹೇಳಲೇಬೇಕು.

ನಾಟಮೈಸಿನ್ ಹಳೆಯ ಔಷಧ, ಅಮೆರಿಕದಲ್ಲಿ 1978ರಲ್ಲೇ ಒಪ್ಪಿಗೆಯಾದದ್ದು. ಹಳೆಯದು ಅಂತ ಬೇಸರ ಬೇಡ. ಒಳಕ್ಕೆ ಚೆನ್ನಾಗಿ ಇಳಿಯುವ ವೊರಿಕೊನಝೋಲ್ ಬಂದಾಗ ಎಲ್ಲರೂ ಅದೇ ಮೇಲು ಅಂದುಕೊಂಡಿದ್ದರು. ಮದುರೆಯ ಅರವಿಂದ್ ಆಸ್ಪತ್ರೆ ಮತ್ತು ಅಮೆರಿಕದವರು ಸೇರಿ ದಕ್ಷಿಣ ಭಾರತದ ರೋಗಿಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಗೆದ್ದದ್ದು ನಾಟಮೈಸಿನ್, ಅದರಲ್ಲೂ ಫ್ಯುಸೇರಿಯಂ ಜಾತಿಯ ಫಂಗಸ್‌ನಲ್ಲಿ ವ್ಯತ್ಯಾಸ ಎದ್ದು ಕಂಡಿತು. ಬೆಳೆ, ಮಣ್ಣು, ಸೊಪ್ಪಿನಿಂದ ಬರುವ ಹುಣ್ಣುಗಳಲ್ಲಿ ನಮ್ಮ ಕಡೆ ಹೆಚ್ಚು ಕಾಣುವ ಫಂಗಸ್‌ಗಳಲ್ಲಿ ಇದೂ ಒಂದು. ಇಳಿಯುವುದು ಮಾತ್ರ ಮುಖ್ಯವಲ್ಲ, ಇಳಿದಷ್ಟು ಎಷ್ಟು ಬಲವಾಗಿ ಕೊಲ್ಲುತ್ತದೆ ಅನ್ನುವುದೂ ಮುಖ್ಯ. ನ್ಯಾನೋ ಲೇಖನ ಓದುವಾಗ ಇದನ್ನು ಮರೆಯಬೇಡಿ.

ಹತ್ತು ದಿನಕ್ಕೆ ಅಂಚು ಮೊಂಡಾಗಿದೆ ಅಂದರೆ ಕೆಟ್ಟ ಸುದ್ದಿ ಅಲ್ಲ. ಫಂಗಸ್ ಹುಣ್ಣು ವಾರಗಳ ಲೆಕ್ಕದಲ್ಲಿ ಒಣಗುತ್ತದೆ.

ಮೂಡಿಗೆರೆ ತೋಟದ ಹುಡುಗ:

ಡಬ್ಬಿ ಹುಡುಕಿದೆ. ಡೆಕ್ಸಾಮೆಥಾಸೋನ್ ಇದೆ, ಜೊತೆಗೆ ಇನ್ನೊಂದು ಆ್ಯಂಟಿಬಯೋಟಿಕ್. ಏಳು ದಿನ ಹಾಕಿದ್ದೇವೆ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಕೈ ನಡುಗುತ್ತಿದೆ ಸರ್.

ಕುಲುಕಿ ಹಾಕಬೇಕು ಅನ್ನುವುದನ್ನು ಡಾಕ್ಟರ್ ಹೇಳಿದ್ದರು. ಆದರೆ ಅಮ್ಮ ರಾತ್ರಿ ಪಾಳಿ ಹಾಕುವಾಗ ಕುಲುಕುತ್ತಿರಲಿಲ್ಲ. ಇವತ್ತಿಂದ ಸರಿ ಮಾಡಿದೆವು.

ಸಕಲೇಶಪುರದ ಅಕ್ಕ:

ಮಗಾ, ಧೈರ್ಯ ತಂದುಕೋ. ನೀನು ಬೇಕಂತ ಮಾಡಿದ್ದಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಆಗುವುದು ಹೀಗೇ.

2021ರಲ್ಲಿ ಕೋವಿಡ್ ಆದಮೇಲೆ ನನ್ನ ಮೈದುನನಿಗೆ ಕಪ್ಪು ಶಿಲೀಂಧ್ರ ಬಂತು, ಸೈನಸ್‌ನಿಂದ ಕಣ್ಣಿನ ಗೂಡಿಗೆ ಹತ್ತಿತ್ತು. ಆಗ "ಲೈಪೋಸೋಮಲ್ ಆಂಫೊಟೆರಿಸಿನ್" ಅನ್ನುವ ಇಂಜೆಕ್ಷನ್‌ಗೆ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ದಿನಕ್ಕೆ ಹಲವು ವೈಲ್, ಅಂದರೆ ಔಷಧದ ಸಣ್ಣ ಸೀಸೆ, ಬೇಕು, ರಾಜ್ಯದಲ್ಲೆಲ್ಲ ಕೊರತೆ. ಆ ಮಾತಲ್ಲಿರುವ ಲೈಪೋಸೋಮ್ ಕೂಡ ಈ ನ್ಯಾನೋ ಜಾತಿಯದ್ದೇನಾ ಮೇಷ್ಟ್ರೇ? ಹಾಗಿದ್ದರೆ ಈ ಹುಡುಗನ ಅಪ್ಪನಿಗೂ ಆಗುತ್ತದಲ್ಲ?

ಫಾರ್ಮಸಿ ಮೇಷ್ಟ್ರು, ಹಾಸನ:

ಹೌದು ಅಕ್ಕ, ಅದೇ ಜಾತಿ. ನಮ್ಮ ಜನ ನ್ಯಾನೋ ಅನ್ನುವ ಮಾತು ಕೇಳುವ ಮೊದಲೇ ನ್ಯಾನೋ ಔಷಧಕ್ಕೆ ಸಾಲಿನಲ್ಲಿ ನಿಂತಿದ್ದರು. ಬರಿಯ ಆಂಫೊಟೆರಿಸಿನ್ ಫಂಗಸ್ಸನ್ನೂ ಹೊಡೆಯುತ್ತದೆ, ಮೂತ್ರಪಿಂಡವನ್ನೂ ಹೊಡೆಯುತ್ತದೆ. ಅದನ್ನು 100 ನ್ಯಾನೋಮೀಟರ್‌ಗಿಂತ ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಕೂರಿಸಿದರೆ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಬಹಳ ತಗ್ಗುತ್ತದೆ, ಹೆಚ್ಚು ಪ್ರಮಾಣ ಕೊಡಬಹುದು. ಕಣ್ಣಿನಲ್ಲೂ ಲೈಪೋಸೋಮ್ ಹೊಸದಲ್ಲ. ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ಕೆಟ್ಟ ರಕ್ತನಾಳಗಳನ್ನು ಬೆಳಕಿನಿಂದ ಮುಚ್ಚಲು ಕೈಯ ನರಕ್ಕೆ ಕೊಡುವ ವರ್ಟೆಪೋರ್ಫಿನ್ 2000ದಿಂದ ಇದೆ, ಅದು ಲೈಪೋಸೋಮೇ.

ಆದರೆ ರಕ್ತಕ್ಕೆ ಕೊಡುವುದು ಬೇರೆ, ಕಪ್ಪುಗುಡ್ಡೆಯ ಹುಣ್ಣು ಬೇರೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ, ಅದಕ್ಕೇ ಅದು ಗಾಜಿನ ಹಾಗೆ ತಿಳಿಯಾಗಿರುವುದು.

ಕಣ್ಣಿನ ವಿಭಾಗದ ಪಿಜಿ:

ಆಂಫೊಟೆರಿಸಿನ್ ವೈಲನ್ನು ತೆಳು ಮಾಡಿ 0.15 ಶೇಕಡಾ ಹನಿಯಾಗಿ ಆಸ್ಪತ್ರೆಗಳಲ್ಲಿ ಬಳಸುವುದುಂಟು ಅಕ್ಕ. ಹುಣ್ಣು ಆಳವಾಗಿದ್ದರೆ ಸಣ್ಣ ಸೂಜಿಯಲ್ಲಿ ಕಾರ್ನಿಯಾದ ಪದರದೊಳಕ್ಕೇ ಔಷಧ ಕೊಡುವುದೂ ಇದೆ. ಯಾವುದು, ಯಾವಾಗ ಅನ್ನುವುದು ದಿನಾ ಆ ಕಣ್ಣನ್ನು ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ, ನೋಡುವವರು ತೀರ್ಮಾನಿಸಬೇಕಾದ್ದು. ಮನೆಯಲ್ಲಿ ಯಾರೂ ಇಂಜೆಕ್ಷನ್ ವೈಲ್ ಒಡೆದು ಕಣ್ಣಿಗೆ ಬಿಡಬೇಡಿ.

ಬೇಲೂರಿನ ಮೊಬೈಲ್ ಅಂಗಡಿ:

ನಮ್ಮ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ, "ಇಸ್ರೇಲ್ ವಿಜ್ಞಾನಿಗಳ ನ್ಯಾನೋ ಡ್ರಾಪ್ಸ್, ಕನ್ನಡಕ ಬಿಸಾಕಿ" ಅಂತ. ಇದು ನಿಜವಾ? ನನಗೆ ಮೈನಸ್ ನಾಲ್ಕು. ಎಲ್ಲಿ ಸಿಗುತ್ತದೆ?

ಫಾರ್ಮಸಿ ಮೇಷ್ಟ್ರು, ಹಾಸನ:

ಅದು 2018ರ ಸುದ್ದಿ. ಹಂದಿಯ ಕಾರ್ನಿಯಾದ ಮೇಲೆ ಮಾಡಿದ ಪ್ರಯೋಗ, ಲೇಸರಿನಲ್ಲಿ ಮೇಲ್ಮೈ ಮೇಲೆ ಸಣ್ಣ ಗುರುತು ಹಾಕಿ ಆಮೇಲೆ ಹನಿ ಬಿಟ್ಟಿದ್ದರು. ಕನ್ನಡಕ ತೆಗೆಸುವ ನ್ಯಾನೋ ಹನಿ ಅಂಗಡಿಯಲ್ಲಿಲ್ಲ, ಯಾರಾದರೂ ಮಾರಿದರೆ ಕೊಳ್ಳಬೇಡಿ. 2024ರಲ್ಲಿ ನಮ್ಮ ದೇಶದಲ್ಲಿ ಚಾಳೀಸಿಗೆ ಅಂತ ಪೈಲೋಕಾರ್ಪಿನ್ ಹನಿಯೊಂದಕ್ಕೆ ಒಪ್ಪಿಗೆ ಸಿಕ್ಕಿ, ಅತಿ ಪ್ರಚಾರ ಮಾಡಿದರು ಅಂತ ಸೆಪ್ಟೆಂಬರಿನಲ್ಲಿ ಆ ಒಪ್ಪಿಗೆಯನ್ನೇ ತಡೆಹಿಡಿದರು. ಅದು ನ್ಯಾನೋ ಕೂಡ ಅಲ್ಲ, ಪಾಪೆಯನ್ನು ಕಿರಿದು ಮಾಡುವ ಹಳೆಯ ಔಷಧ.

ಪೊರೆ ಕರಗಿಸುವ ಹನಿಯ ಬಗ್ಗೆಯೂ ಮೆಸೇಜ್ ಬರುತ್ತದೆ. ಪೊರೆಗೆ ಇವತ್ತಿಗೂ ಆಪರೇಷನ್ನೇ ದಾರಿ.

ಚಿಕ್ಕಮಗಳೂರು, ನಿವೃತ್ತ ಬ್ಯಾಂಕ್ ನೌಕರ:

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ನನಗೆ ಗ್ಲಾಕೋಮಾ. ಎಂಟು ವರ್ಷದಿಂದ ರಾತ್ರಿ ಲ್ಯಾಟನೋಪ್ರಾಸ್ಟ್ ಒಂದು ಹನಿ. ಮನೆಯವಳು ಹೋದ ಮೇಲೆ ನೆನಪಿಸುವವರಿಲ್ಲ, ವಾರಕ್ಕೆ ಎರಡು ರಾತ್ರಿಯಾದರೂ ತಪ್ಪುತ್ತದೆ. ಕೈಯೂ ನಡುಗುತ್ತದೆ, ಮೂರು ಹನಿ ಕೆನ್ನೆಗೆ ಬಿದ್ದ ಮೇಲೆ ಒಂದು ಕಣ್ಣಿಗೆ. ಮೂರು ತಿಂಗಳಿಗೊಮ್ಮೆ ಕೊಡುವ ನ್ಯಾನೋ ಇಂಜೆಕ್ಷನ್ ಅಂತ ಓದಿದ ನೆನಪು.

ಫಾರ್ಮಸಿ ಮೇಷ್ಟ್ರು, ಹಾಸನ:

ಯಜಮಾನರೇ, ಪಕ್ಕಕ್ಕೆ ಹೋಗಲಿಲ್ಲ, ವಿಷಯದ ನಡುವಿಗೇ ಬಂದಿರಿ. ಸಿಂಗಪುರದವರು ಲ್ಯಾಟನೋಪ್ರಾಸ್ಟನ್ನು ಲೈಪೋಸೋಮ್‌ನಲ್ಲಿ ತುಂಬಿ ಕಣ್ಣಿನ ಬಿಳಿಯ ಮೇಲಿನ ತೆಳುಪೊರೆಯ ಕೆಳಗೆ ಒಂದೇ ಸಲ ಕೊಟ್ಟು ನೋಡಿದರು. ಗ್ಲಾಕೋಮಾದಲ್ಲಿ ಇಳಿಸಬೇಕಾದ ಕಣ್ಣಿನೊಳಗಿನ ಒತ್ತಡ ಮೂರು ತಿಂಗಳು ಇಳಿದೇ ಇತ್ತು. ಆದರೆ ಆ ಮೊದಲ ಪ್ರಯೋಗದಲ್ಲಿ ಇದ್ದವರು ಆರೇ ಜನ. ಅದನ್ನು ನಂಬಿ ನಿಮ್ಮ ಹನಿ ಬಿಡುವ ಹಾಗಿಲ್ಲ.

ಇವತ್ತು ಸಿಗುವುದು ಇನ್ನೊಂದು: ಬೆಂಝಾಲ್ಕೋನಿಯಂ ಅನ್ನುವ ಕೆಡದಂತೆ ಕಾಯುವ ರಾಸಾಯನಿಕ ಇಲ್ಲದೆ, ಸೂಕ್ಷ್ಮ ಎಮಲ್ಷನ್ (ಎಣ್ಣೆ, ನೀರು ಬೆರೆತ ದ್ರವ) ರೂಪದಲ್ಲಿ ಬರುವ ಲ್ಯಾಟನೋಪ್ರಾಸ್ಟ್. ನಮ್ಮ ದೇಶದ ಸನ್ ಫಾರ್ಮಾ ಬಳಗದ್ದು, 2018ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಪಡೆಯಿತು. ಹನಿಯಿಂದ ಕಣ್ಣು ಉರಿಯುವವರಿಗೆ ಅನುಕೂಲ. ಮರೆವಿಗೆ ಅದು ಮದ್ದಲ್ಲ. ಹಲ್ಲುಜ್ಜುವ ಬ್ರಷ್ ಪಕ್ಕ ಬಾಟಲಿ ಇಡಿ. ಮಲಗಿ, ಕೆಳರೆಪ್ಪೆ ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಮೂಗಿಗೆ ಹರಿದುಹೋಗುವುದು ನಿಲ್ಲುತ್ತದೆ. ಇದಕ್ಕೆ ದುಡ್ಡು ಬೇಡ, ಎಷ್ಟೋ ನ್ಯಾನೋ ಪ್ರಯೋಗ ಸಾಧಿಸಲು ಹೊರಟಿರುವುದರಲ್ಲಿ ಒಂದು ಪಾಲನ್ನು ಈ ಬೆರಳೇ ಮಾಡುತ್ತದೆ.

ಕೊಪ್ಪ, ಮನೆಯಿಂದ ಕೆಲಸ:

ಒಣಗಣ್ಣಿಗೆ ಸೈಕ್ಲೋಸ್ಪೋರಿನ್ ಹನಿ ಹಾಕುತ್ತೇನೆ. ನನ್ನ ಡಾಕ್ಟರ್ "ಇದರ ನ್ಯಾನೋ ರೂಪ ಬಂದಿದೆ" ಅಂದಿದ್ದರು. ಅದಾದರೂ ನಿಜವಾ?

ಫಾರ್ಮಸಿ ಮೇಷ್ಟ್ರು, ಹಾಸನ:

ನಿಜ. ಸೈಕ್ಲೋಸ್ಪೋರಿನ್ ನೀರಿಗೆ ಸೇರುವುದೇ ಇಲ್ಲ. 2002ರಲ್ಲಿ ಒಪ್ಪಿಗೆಯಾದ ಮೊದಲ ಹನಿ ಹಾಲಿನಂಥ ಎಮಲ್ಷನ್, 0.05 ಶೇಕಡಾ. 2018ರಲ್ಲಿ ಮೈಸೆಲ್ ಅನ್ನುವ ನ್ಯಾನೋ ಗುಳಿಗೆಯಲ್ಲಿ ಅಡಗಿಸಿ 0.09 ಶೇಕಡಾದ ತಿಳಿ ಹನಿ ಬಂತು, ಅದೂ ಸನ್ ಫಾರ್ಮಾದ್ದು. ಹೊರಮೈ ನೀರಿಗೆ ಒಗ್ಗುತ್ತದೆ, ಒಡಲು ಎಣ್ಣೆಗೆ ಒಗ್ಗುತ್ತದೆ, ನಾನು ಮೇಲೆ ಹೇಳಿದ ಎರಡೂ ಗುಣ ಒಂದೇ ಗುಳಿಗೆಯಲ್ಲಿ.

ನಾಟಮೈಸಿನ್‌ಗೆ ಯಾಕೆ ಹೀಗಾಗಿಲ್ಲ ಅಂತ ತೋಟದ ಹುಡುಗ ಕೇಳಬಹುದು. ಕಣ್ಣಿಗೆ ಹಾಕುವುದು ಕ್ರಿಮಿರಹಿತ ಆಗಿರಲೇಬೇಕು. ಲೈಪೋಸೋಮನ್ನು 121 ಡಿಗ್ರಿಯಲ್ಲಿ ಬೇಯಿಸಿದರೆ ಗುಳ್ಳೆ ಒಡೆಯುತ್ತದೆ. 0.22 ಮೈಕ್ರಾನಿನ ಜರಡಿಯಲ್ಲಿ ಸೋಸೋಣ ಅಂದರೆ ಕಣ ಅದಕ್ಕಿಂತ ಸಣ್ಣದಿರಬೇಕು. ಮೇಲಾಗಿ ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕಣಗಳು ಗುಂಪುಗಟ್ಟದೆ ಉಳಿಯಬೇಕು. ಮನುಷ್ಯರ ಪ್ರಯೋಗಕ್ಕೆ ಕೋಟಿಗಟ್ಟಲೆ ಬೇಕು. ಒಣಗಣ್ಣು ಇರುವುದು ಶ್ರೀಮಂತ ದೇಶಗಳಲ್ಲೂ, ವರ್ಷಗಟ್ಟಲೆ ಕೊಳ್ಳುತ್ತಾರೆ. ಗಿಡ ಬಡಿದು ಫಂಗಸ್ ಆಗುವುದು ಹೊಲದಲ್ಲಿ, ತೋಟದಲ್ಲಿ ದುಡಿಯುವವರಿಗೆ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ.

ಅರಸೀಕೆರೆಯ ಟೀಚರ್:

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆಯಿಂದ ರೆಟಿನಾ ಊದಿಕೊಂಡು ಕಣ್ಣಿಗೆ ಆರು ಇಂಜೆಕ್ಷನ್ ಆಯಿತು. ಪ್ರತಿ ತಿಂಗಳು ಬಸ್ಸು, ಒಬ್ಬರು ರಜೆ ಹಾಕಬೇಕು. ಮೊದಲೇ ಗೊತ್ತಾಗಿದ್ದರೆ ಅನ್ನಿಸುತ್ತದೆ. ರೋಗ ಹಿಡಿಯುವುದರಲ್ಲಿ ನ್ಯಾನೋದಿಂದ ಏನಾದರೂ ಆಗಿದೆಯಾ ಡಾಕ್ಟರೇ?

ಕಣ್ಣಿನ ವಿಭಾಗದ ಪಿಜಿ:

ಟೀಚರ್, ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ, ಕೋವಿಡ್ ಕಿಟ್‌ನಲ್ಲಿ ಕೆಂಪು ಗೆರೆ ಮೂಡುತ್ತಿತ್ತಲ್ಲ, ಹೆಚ್ಚಿನವುಗಳಲ್ಲಿ ಅದು ಚಿನ್ನದ ನ್ಯಾನೋ ಕಣ. ಅಷ್ಟು ಸಣ್ಣದಾದಾಗ ಚಿನ್ನ ಹಳದಿ ಬಿಟ್ಟು ಮಾಣಿಕ್ಯದ ಕೆಂಪಾಗುತ್ತದೆ. ಅದೇ ಚಿನ್ನದ ಕಣವನ್ನು ಪ್ರಾಣಿಗಳಿಗೆ ಕೊಟ್ಟು ರೆಟಿನಾದ ಓಸಿಟಿ (ಬೆಳಕು ಬಿಟ್ಟು ಪದರ ಪದರವಾಗಿ ತೆಗೆಯುವ) ಚಿತ್ರದಲ್ಲಿ ಕೆಟ್ಟ ರಕ್ತನಾಳ ಹೊಳೆಯುವಂತೆ ಮಾಡುವ ಕೆಲಸ ನಡೆದಿದೆ. ಕಣ್ಣೀರಿನಲ್ಲಿ ಸಕ್ಕರೆ ಅಳೆಯುವ ಲೆನ್ಸ್ ಅಂತ ಗೂಗಲ್ 2014ರಲ್ಲಿ ದೊಡ್ಡ ಸುದ್ದಿ ಮಾಡಿತ್ತು, 2018ರಲ್ಲಿ ಕೈಬಿಟ್ಟರು, ಕಣ್ಣೀರಿನ ಸಕ್ಕರೆ ರಕ್ತದ ಸಕ್ಕರೆಯ ಜೊತೆ ನೆಚ್ಚುವಂತೆ ಹೊಂದಲಿಲ್ಲ.

ನಿಮ್ಮ ಅಮ್ಮನಂಥವರಿಗೆ ಇವತ್ತು ಉಪಯೋಗಕ್ಕೆ ಬರುವುದು ನ್ಯಾನೋ ಅಲ್ಲ, ಮೊಬೈಲಿಗೆ ಜೋಡಿಸಿ ರೆಟಿನಾದ ಫೋಟೋ ತೆಗೆಯುವ ಕ್ಯಾಮೆರಾ. ಅಂಥವನ್ನು ಬೆಂಗಳೂರಿನಲ್ಲೇ ಮಾಡುತ್ತಾರೆ. ಸಕ್ಕರೆ ಇರುವ ಎಲ್ಲರೂ, ದೃಷ್ಟಿ ಚೆನ್ನಾಗಿದ್ದರೂ, ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು. ದೃಷ್ಟಿ ಮಂಜಾಗುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ಇಂಜೆಕ್ಷನ್ ಅಂತರ ಹೆಚ್ಚಿಸಲು ಪಿಎಲ್‌ಜಿಎ ಅನ್ನುವ, ಕರಗುವ ಹೊಲಿಗೆ ದಾರದ ಜಾತಿಯ ವಸ್ತು ಬಳಸುತ್ತಾರೆ. ಅದರಲ್ಲಿ ಮಾಡಿದ ಸ್ಟೆರಾಯ್ಡ್ ಕಡ್ಡಿ, 0.7 ಮಿಲಿಗ್ರಾಂ, ಕಣ್ಣಿನೊಳಗೆ ತಿಂಗಳುಗಟ್ಟಲೆ ಕರಗುತ್ತಾ ಇರುತ್ತದೆ. ಅಮ್ಮನಿಗೆ ಹೊಂದುತ್ತದಾ ಅಂತ ಅವರ ಡಾಕ್ಟರನ್ನು ಕೇಳಿ, ಕಣ್ಣಿನ ಒತ್ತಡ ಏರುವ ಭಯ ಇರುತ್ತದೆ.

ಮೂಡಿಗೆರೆ ತೋಟದ ಹುಡುಗ:

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಡಾಕ್ಟರ್ ಇನ್ನೆರಡು ಸಲ ಕೆರೆದು ತೆಗೆದರು. ಕೆರೆದರೆ ಸತ್ತ ಪದರ ಹೋಗಿ ಔಷಧಕ್ಕೆ ದಾರಿಯಾಗುತ್ತದಂತೆ. ಹುಣ್ಣು ಒಣಗುತ್ತಿದೆ, ತೂತಾಗುವ ಭಯ ಇಲ್ಲ ಅಂದಿದ್ದಾರೆ. ನಡುವೆ ಬಿಳಿ ಕಲೆ ಉಳಿಯುತ್ತದೆ. ಅಪ್ಪನಿಗೆ ಆ ಕಣ್ಣಲ್ಲಿ ಈಗ ಕೈಬೆರಳು ಎಣಿಸಲು ಬರುತ್ತದೆ, ಮುಖ ಗುರುತಾಗುವುದಿಲ್ಲ. ಮುಂದೆ ಬೇಕಾದರೆ ಕಾರ್ನಿಯಾ ಕಸಿ ಮಾಡಬಹುದು ಅಂದರು. ಪುನೀತ್ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂದದ್ದು ಪದರ ಬಿಡಿಸಿ ಹಾಕಿದ್ದರಿಂದ ಅಂತ ಡಾಕ್ಟರ್ ಹೇಳಿದಾಗ ಅಪ್ಪ ಮೊದಲ ಸಲ ಸ್ವಲ್ಪ ನಗೆ ಬೀರಿದರು. ಮನೆಯಲ್ಲಿ ನಾವು ಐದೂ ಜನ ನೇತ್ರದಾನಕ್ಕೆ ಹೆಸರು ಬರೆಸಿದೆವು.

ತೋಟದ ಕೆಲಸದವರಿರುವ ಲೈನ್ ಮನೆಯವರಿಗೆಲ್ಲ ಹೇಳಿದ್ದೇನೆ, ರೆಕ್ಕೆ ಬಡಿದರೆ ಅವತ್ತೇ ನನಗೆ ತಿಳಿಸಬೇಕು, ಗಾಡಿ ನಾನು ತೆಗೆಯುತ್ತೇನೆ ಅಂತ.

ಕಣ್ಣಿನ ವಿಭಾಗದ ಪಿಜಿ:

ಒಳ್ಳೆಯ ಸುದ್ದಿ. ಅವತ್ತೇ ಅನ್ನುವ ನಿಮ್ಮ ಮಾತಿಗೆ ಆಧಾರವೂ ಇದೆ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಸ್ವಯಂಸೇವಕರೇ ಕಾರ್ನಿಯಾ ಗೀರಿದವರಿಗೆ ಕ್ಲೋರಾಂಫೆನಿಕಾಲ್ ಮುಲಾಮು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಾಕಿದರು. 2001ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಗೀರಿದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆ, ಪಿಎಚ್‌ಸಿ ಡಾಕ್ಟರ್ ಜೊತೆ ಈ ಬಗ್ಗೆ ಮಾತಾಡಿ.

ಮೂಡಿಗೆರೆ ತೋಟದ ಹುಡುಗ:

ಮಾತಾಡುತ್ತೇನೆ ಸರ್. ಇನ್ನೊಂದು ಕೇಳಬೇಕಿತ್ತು. ಕುಯ್ಯುವವರಿಗೆ ಅಂತ ಎಂಟು ಪ್ಲಾಸ್ಟಿಕ್ ಕನ್ನಡಕ ತಂದೆ. ಹತ್ತು ಗಂಟೆ ಬಿಸಿಲಿಗೆ ಬೆವರು ಕಟ್ಟಿ ಮಬ್ಬಾಗುತ್ತದೆ, ತೆಗೆದು ಜೇಬಿಗೆ ಹಾಕಿಬಿಡುತ್ತಾರೆ. ಇನ್ನೂ ಹತ್ತು ದಿನದ ಕೊಯ್ಲು ಇದೆ, ಆಮೇಲೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು. ಮಬ್ಬಾಗದ್ದು ಯಾರಾದರೂ ಬಳಸುತ್ತಿದ್ದರೆ ಎಲ್ಲಿ ತಂದಿರಿ ಹೇಳಿ.

ಸಕಲೇಶಪುರದ ಅಕ್ಕ:

ನಮ್ಮ ತೋಟದಲ್ಲಿ ಕಬ್ಬಿಣದ ಸಣ್ಣ ಬಲೆಯ ಕನ್ನಡಕ ಹಾಕುತ್ತಾರೆ, ಕಳೆ ಕೊಚ್ಚುವ ಮೆಷಿನ್ ಜೊತೆ ಬರುತ್ತದಲ್ಲ, ಅದು. ಗಾಳಿ ಆಡುತ್ತದೆ, ಮಬ್ಬಾಗುವುದಿಲ್ಲ. ರೆಕ್ಕೆ ತಡೆಯುತ್ತದೆ, ದೂಳು ತಡೆಯುವುದಿಲ್ಲ. ನಾಳೆ ಫೋಟೋ ಹಾಕುತ್ತೇನೆ ಮಗಾ.